ಹಳೇಕೋಟೆಯ ಹಾಲು, ಸಕಲೇಶಪುರದ ಮೆಣಸು ಮತ್ತು ಸುಂಕದ ಪಟ್ಟಿ

ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಕಡೆಯ ರೈತರು ಡೈರಿಗೆ ಹಾಕುವ ಹಾಲಿಗೂ ನ್ಯೂಜಿಲೆಂಡಿಗೂ ಏನು ನಂಟು? ನಂಟು ಇರುವುದು ಹಾಲಿನ ಪುಡಿಯಲ್ಲಿ. ಮಾರಾಟವಾಗದೆ ಉಳಿದ ಹಾಲನ್ನು ಒಕ್ಕೂಟಗಳು ಪುಡಿ ಮಾಡಿಡುತ್ತವೆ. ಪುಡಿಯ ದರ ಬಿದ್ದರೆ ಒಕ್ಕೂಟಕ್ಕೆ ನಷ್ಟ. ಆ ನಷ್ಟ ಕೊನೆಗೆ ಬಂದು ಕೂರುವುದು ರೈತನ ಲೀಟರ್ ದರದ ಮೇಲೆ. ಹೊರದೇಶದ ಪುಡಿ ಅಗ್ಗಕ್ಕೆ ಬರದಂತೆ ತಡೆದಿರುವುದು ಶೇ 60ರ ಆಮದು ಸುಂಕ. ನ್ಯೂಜಿಲೆಂಡ್, ಆಸ್ಟ್ರೇಲಿಯಾ ಎರಡೂ ಇದ್ದ ಆರ್‌ಸಿಇಪಿ ಎಂಬ ಮುಕ್ತ ವ್ಯಾಪಾರ ಒಪ್ಪಂದದ ವಿರುದ್ಧ ಹೈನುಗಾರರು ದನಿ ಎತ್ತಿದ್ದು ಇದೇ ಕಾರಣಕ್ಕೆ. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಅದರಿಂದ ಹೊರಬಂತು. 2022ರಲ್ಲಿ ಆಸ್ಟ್ರೇಲಿಯಾ ಜೊತೆ ಪ್ರತ್ಯೇಕ ಒಪ್ಪಂದಕ್ಕೆ ಸಹಿ ಹಾಕಿದಾಗಲೂ ಹಾಲು, ಹಾಲಿನ ಪದಾರ್ಥಗಳನ್ನು ಸುಂಕ ವಿನಾಯಿತಿಯಿಂದ ಹೊರಗಿಟ್ಟಿತು.

‘ಮುಕ್ತ ವ್ಯಾಪಾರ’ ಎಂದ ಮಾತ್ರಕ್ಕೆ ಎಲ್ಲಕ್ಕೂ ಬಾಗಿಲು ತೆರೆಯುವುದಿಲ್ಲ. ಪ್ರತಿ ಸರಕಿಗೂ ಒಂದು ಕೋಡ್ ಸಂಖ್ಯೆ ಇದೆ. ಒಪ್ಪಂದದ ಅನುಬಂಧದಲ್ಲಿ ಆ ಸಂಖ್ಯೆಯ ಮುಂದೆ ಏನು ಬರೆದಿದೆ ಎಂಬುದೇ ಮುಖ್ಯ: ಸುಂಕ ಕೂಡಲೇ ರದ್ದೋ, ವರ್ಷ ವರ್ಷ ಇಳಿಯುತ್ತದೋ, ಇಂತಿಷ್ಟು ಟನ್ನಿಗೆ ಮಾತ್ರ ರಿಯಾಯಿತಿಯೋ, ಅಥವಾ ರಿಯಾಯಿತಿಯೇ ಇಲ್ಲವೋ.

ಈ ಪಟ್ಟಿಯ ಬಿಸಿ ಹಾಸನ ಜಿಲ್ಲೆಗೆ ಚೆನ್ನಾಗಿ ತಟ್ಟಿದ್ದು ಕಾಳುಮೆಣಸಿನಲ್ಲಿ. ಒಪ್ಪಂದವಿಲ್ಲದ ದೇಶದ ಮೆಣಸಿಗೆ ಸುಂಕ ಶೇ 70. 2000ದ ಮಾರ್ಚ್‌ನಲ್ಲಿ ಜಾರಿಗೆ ಬಂದ ಭಾರತ–ಶ್ರೀಲಂಕಾ ಒಪ್ಪಂದದಡಿ ವರ್ಷಕ್ಕೆ 2,500 ಟನ್ ಲಂಕಾ ಮೆಣಸಿಗೆ ಸುಂಕವೇ ಇಲ್ಲ. ಅದಕ್ಕೂ ಮೇಲಿನದಕ್ಕೆ ಸಾರ್ಕ್ ದೇಶಗಳ ಒಪ್ಪಂದದಡಿ ಶೇ 8 ಅಷ್ಟೇ. ಬಂದರಿಗೆ ಬಂದ ಮೆಣಸಿನ ಬೆಲೆ ಕೆ.ಜಿ.ಗೆ 300 ರೂಪಾಯಿ ಎಂದಿಟ್ಟುಕೊಳ್ಳಿ. ಪೂರ್ತಿ ಸುಂಕ ಕಟ್ಟಿದರೆ 510 ರೂಪಾಯಿ, ಲಂಕಾದ್ದಾದರೆ 324 ಅಥವಾ ಬರೀ 300. ಇಷ್ಟು ಅಂತರವಿದ್ದ ಮೇಲೆ ವಿಯೆಟ್ನಾಂ ಮೆಣಸು ಕೊಲಂಬೊದಲ್ಲಿ ಇಳಿದು, ಲಂಕಾದ ಹೆಸರು ಹೊತ್ತು ಇಲ್ಲಿಗೆ ಬರುತ್ತಿದೆ ಎಂದು ಸಕಲೇಶಪುರ, ಕೊಡಗಿನ ಬೆಳೆಗಾರರು ದೂರಿದ್ದರಲ್ಲಿ ಅಚ್ಚರಿಯಿಲ್ಲ.

ಇದನ್ನು ತಡೆಯಲೆಂದೇ ಒಪ್ಪಂದಗಳಲ್ಲಿ ‘ಮೂಲ ನಿಯಮ’ ಇರುತ್ತದೆ. ಸರಕು ನಿಜಕ್ಕೂ ಆ ದೇಶದ್ದೇ ಎಂಬ ಪ್ರಮಾಣಪತ್ರವಿದ್ದರೆ ಮಾತ್ರ ರಿಯಾಯಿತಿ. ಆದರೆ ಪ್ರಮಾಣಪತ್ರ ಕೊಡುವುದು ರಫ್ತು ಮಾಡುವ ದೇಶ. ಮೆಣಸಿನ ಕಾಳು ತಾನು ಯಾವ ಬಳ್ಳಿಯದು ಎಂದು ಹೇಳುವುದಿಲ್ಲವಲ್ಲ! ಕೊನೆಗೆ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಗೊತ್ತುಮಾಡಿತು. 2020ರ ಸೆಪ್ಟೆಂಬರ್‌ನಿಂದ ಸರಕಿನ ಮೂಲದ ವಿವರ ಇಟ್ಟುಕೊಳ್ಳುವ ಹೊಣೆಯನ್ನು ಆಮದುದಾರನ ಮೇಲೂ ಹೊರಿಸಿತು.

ರಫ್ತಿನ ಕಡೆ ಲೆಕ್ಕ ತಿರುವುಮುರುವು. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ತಯಾರಾಗುವ ಬೆಡ್‌ಶೀಟು ವಿದೇಶಕ್ಕೆ ಹೋಗುತ್ತದೆ. ಬ್ರಿಟನ್ ಭಾರತದ ಜವಳಿಗೆ ಶೇ 12ರವರೆಗೆ ಸುಂಕ ಹಾಕುತ್ತಿದ್ದಾಗ ಬಾಂಗ್ಲಾದೇಶದ ಮಾಲು ಸುಂಕವಿಲ್ಲದೆ ಒಳಹೋಗುತ್ತಿತ್ತು. 2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ಒಪ್ಪಂದ ಈ ಸುಂಕವನ್ನು ತೆಗೆದುಹಾಕಲು ಒಪ್ಪಿದೆ. ಒಪ್ಪಂದವೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಅದೇ ವರ್ಷ ಆಗಸ್ಟ್‌ನಲ್ಲಿ ಭಾರತದ ಬಹುತೇಕ ಸರಕಿನ ಮೇಲೆ ಶೇ 50 ಸುಂಕ ಹೇರಿದ ಅಮೆರಿಕ ತೋರಿಸಿತು.

ಚನ್ನರಾಯಪಟ್ಟಣದ ತೆಂಗು ಬೆಳೆಗಾರರು ಮಾತ್ರ ಒಪ್ಪಂದದ ಸುದ್ದಿಯೊಂದನ್ನೇ ನೋಡುತ್ತ ಕೂತರೆ ಸಾಲದು. 2025ರ ಮೇ 30ರಂದು, ಕೊಬ್ಬರಿ ಎಣ್ಣೆಗೆ ಪೈಪೋಟಿ ಕೊಡುವ ಕಚ್ಚಾ ತಾಳೆ ಎಣ್ಣೆಯ ಮೂಲ ಸುಂಕ ಶೇ 20ರಿಂದ 10ಕ್ಕೆ ಇಳಿಯಿತು. ಅದಕ್ಕೆ ಯಾವ ಒಪ್ಪಂದವೂ ಬೇಕಾಗಲಿಲ್ಲ, ಕೇಂದ್ರದ ಒಂದು ಅಧಿಸೂಚನೆ ಸಾಕಾಯಿತು.