ನೇತ್ರವೈದ್ಯರಿಗೆ ದೂರದ ಪಾಠ

ಕಣ್ಣಿನ ಶಸ್ತ್ರಚಿಕಿತ್ಸೆಯನ್ನು ಅಂತರ್ಜಾಲದ ಮೂಲಕ ಕಲಿಯಬಹುದೆಂದರೆ ನಮ್ಮಲ್ಲಿ ಅನೇಕರು ಹುಬ್ಬೇರಿಸುವರು. ಆದರೂ ಎಡಿನ್‌ಬರೋ ವಿಶ್ವವಿದ್ಯಾನಿಲಯವು ವೃತ್ತಿನಿರತ ನೇತ್ರವೈದ್ಯರಿಗಾಗಿ ಎರಡು ವರ್ಷಗಳ ಇಂತಹ ಸ್ನಾತಕೋತ್ತರ ಶಿಕ್ಷಣವನ್ನು ರೂಪಿಸಿದೆ.

ದೂರದ ಪಾಠದ ಬೆಲೆಯನ್ನರಿಯಲು ನಾವು ಅಲ್ಲಿಯವರೆಗೆ ಹೋಗಬೇಕಾಗಿಲ್ಲ. ಡಾ. ಕೆ. ಭುಜಂಗ ಶೆಟ್ಟಿಯವರು ಸ್ಥಾಪಿಸಿದ ರಾಜಾಜಿನಗರದ ನಾರಾಯಣ ನೇತ್ರಾಲಯವು 2008ರಲ್ಲಿ ‘ಕಿಡ್‌ರಾಪ್’ ಯೋಜನೆಯನ್ನು ಆರಂಭಿಸಿತು. ಅವಧಿಗೆ ಮುನ್ನ ಜನಿಸಿದ ಶಿಶುವಿನ ಅಕ್ಷಿಪಟಲದಲ್ಲಿ ರಕ್ತನಾಳಗಳು ಪೂರ್ಣವಾಗಿ ಬೆಳೆದಿರುವುದಿಲ್ಲ. ಅವು ಅಡ್ಡಾದಿಡ್ಡಿಯಾಗಿ ಬೆಳೆದರೆ ಪಟಲವೇ ಕಳಚಿ ಮಗು ಕುರುಡಾಗಬಹುದು. ಹೊರಗಿನಿಂದ ನೋಡುವ ತಾಯಿಗೆ ಏನೂ ತಿಳಿಯದು. ಹುಟ್ಟಿದ 30 ದಿನಗಳೊಳಗೆ ಪರೀಕ್ಷೆಯಾಗಬೇಕು. ರೋಗ ಉಲ್ಬಣಿಸಿದ್ದರೆ 48ರಿಂದ 72 ಗಂಟೆಗಳಲ್ಲಿ ಚಿಕಿತ್ಸೆ ದೊರೆಯಬೇಕು. ಜಿಲ್ಲೆಜಿಲ್ಲೆಗೂ ತಜ್ಞರೆಲ್ಲಿ? ಆದುದರಿಂದ ತಂತ್ರಜ್ಞರು ಕ್ಯಾಮರಾದೊಡನೆ ಜಿಲ್ಲೆಗಳಿಗೆ ತೆರಳಿ, ಕೂಸಿನ ಕಣ್ಣಿನ ಚಿತ್ರವನ್ನು ಅಂತರ್ಜಾಲದಲ್ಲಿ ಕಳುಹಿಸಿದರು. ಬೆಂಗಳೂರಿನ ತಜ್ಞರು ಅದನ್ನು ಪರಿಶೀಲಿಸಿದರು. ವೈದ್ಯರಲ್ಲದ ಈ ತಂತ್ರಜ್ಞರೂ ತರಬೇತಿಯಿಂದ ರೋಗದ ಹಂತವನ್ನು ಗುರುತಿಸಬಲ್ಲವರಾದರು.

ನೋಡುವುದನ್ನು ಪರದೆ ಕಲಿಸಬಲ್ಲದೆಂಬುದಕ್ಕೆ ಇಷ್ಟು ಸಾಕು. ಆದರೆ ಕೊಯ್ಯುವುದನ್ನು? ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳಿಂದ ಇದೇ ಆಸ್ಪತ್ರೆಯಲ್ಲಿ ನಾಲ್ವರಿಗೆ ದೃಷ್ಟಿ ಬಂದುದು, ಅಷ್ಟು ತೆಳುವಾದುದನ್ನೂ ಮುಂದಿನ ಮತ್ತು ಹಿಂದಿನ ಪದರಗಳಾಗಿ ಬಿಡಿಸಿದುದರಿಂದ. ಅಂತಹ ಕೈ, ಗುರುವಿನ ಪಕ್ಕದಲ್ಲಿ ಕುಳಿತು ಸೂಕ್ಷ್ಮದರ್ಶಕದಡಿಯಲ್ಲಿ ಪಳಗಬೇಕಾದ ಕೈ. ನಮ್ಮ ದೇಶದಲ್ಲಿ ಎಂ.ಎಸ್. ಪದವಿಗೆ ಆಸ್ಪತ್ರೆಯಲ್ಲಿಯೇ ಮೂರು ವರ್ಷ ಕಳೆಯಬೇಕೆಂಬ ನಿಯಮವನ್ನು ಸಡಿಲಿಸಬಾರದೆಂದೇ ನಾವು ಭಾವಿಸುತ್ತೇವೆ.