ತಮ್ಮ ಕಾಸಿನ ಬಲ

1940ರಲ್ಲಿ ಷಿಕಾಗೊ ನಗರದಲ್ಲಿ ಸಾಲ್ ಅಲಿನ್‌ಸ್ಕಿ ಸ್ಥಾಪಿಸಿದ ‘ಇಂಡಸ್ಟ್ರಿಯಲ್ ಏರಿಯಾಸ್ ಫೌಂಡೇಷನ್’ ಪರಂಪರೆಯ ಜನಸಂಘಟನೆಗಳಲ್ಲಿ, ಚರ್ಚು, ಸಿನಗಾಗ್, ಮಸೀದಿಗಳು ತಂತಮ್ಮ ಆಯವ್ಯಯದಿಂದಲೇ ವಾರ್ಷಿಕ ವಂತಿಗೆಯನ್ನು ತೆತ್ತು ಸದಸ್ಯತ್ವವನ್ನು ಪಡೆಯುವುವು. ಭಾನುವಾರದ ಆರಾಧನೆಯಲ್ಲಿ ಕೈಯಿಂದ ಕೈಗೆ ಸಾಗುವ ಕಾಣಿಕೆತಟ್ಟೆಗೆ ಕೂಲಿಯವಳೊಬ್ಬಳು ಹಾಕಿದ ಡಾಲರೂ ಹೀಗೆ ಸಂಘಟಕನ ಸಂಬಳದಲ್ಲಿ ಸೇರುವುದರಿಂದ, ಅವನು ಉತ್ತರಹೇಳಬೇಕಾದುದು ಆಕೆಗೇ ಹೊರತು ಯಾವ ಧನಿಕನಿಗೂ ಅಲ್ಲ. ಈ ವ್ಯವಸ್ಥೆಯ ನಿಜವಾದ ಸತ್ತ್ವವಿರುವುದು ಇಲ್ಲಿಯೇ ಎಂದು ನನ್ನ ದೃಢವಾದ ನಂಬಿಕೆ. ಪ್ರತಿಷ್ಠಾನಗಳ ಧನಸಹಾಯವೂ ಉಂಟು. ಆದರೆ ನಗರಾಡಳಿತವನ್ನು ಪ್ರಶ್ನಿಸಬೇಕಾದವರು ಅದರದೇ ಅನುದಾನವನ್ನು ನೆಚ್ಚಿ ನಿಲ್ಲಲಾಗದಷ್ಟೆ. ನ್ಯೂಯಾರ್ಕಿನ ಪಾಳುಬಿದ್ದ ಬ್ರೌನ್ಸ್‌ವಿಲ್ ಬಡಾವಣೆಯಲ್ಲಿ ಇಂತಹದೇ ಒಂದು ಒಕ್ಕೂಟವು 1980ರ ದಶಕದಲ್ಲಿ, ವಿವಿಧ ಪಂಥಗಳ ಚರ್ಚುಗಳಿಂದ ಸಾಲನಿಧಿಯನ್ನು ಕೂಡಿಸಿ, ಬೈಬಲಿನ ನಾಯಕ ನೆಹೆಮೀಯನ ಹೆಸರಿನಲ್ಲಿ ದುಡಿಯುವ ಕುಟುಂಬಗಳಿಗೆ ಇಟ್ಟಿಗೆಯ ಸಾಲುಮನೆಗಳನ್ನು ಕಟ್ಟಿಸಿತು.