ಮೊದಲು ಡ್ರಿಲ್, ಆಮೇಲೆ ಬುಫೆ

ಕ್ರೂಸ್ ಹಡಗು ಹತ್ತೋದು ಹೆಚ್ಚುಕಮ್ಮಿ ಏರ್‌ಪೋರ್ಟ್ ಥರಾನೇ. ಲಗೇಜಿಗೆ ಟ್ಯಾಗ್, ಪಾಸ್‌ಪೋರ್ಟ್ ತಪಾಸಣೆ, ಒಂದು ಫೋಟೋ, ಕೈಗೊಂದು ಕಾರ್ಡ್. ಅದೇ ರೂಮಿನ ಕೀಲಿ, ಅದೇ ಪರ್ಸು. ಆದರೆ ಜನ ಗೊಣಗೋದು ಲೈಫ್ ಜಾಕೆಟ್ ಡ್ರಿಲ್‌ಗೆ. ರಜೆಗೆ ಬಂದವರಿಗೆ ಇದ್ಯಾವ ಪಿ.ಟಿ. ಪೀರಿಯಡ್ ಅಂತ!

ನಾನು ಹೇಳ್ತೀನಿ ಕೇಳಿ. 2012ರ ಜನವರಿ 13ರ ಸಂಜೆ ಇಟಲಿಯ ಚಿವಿತಾವೆಕ್ಕಿಯಾ ಬಂದರಿನಿಂದ ಕೋಸ್ಟಾ ಕಾಂಕಾರ್ಡಿಯಾ ಹೊರಟಿತು. ಹತ್ತಿದ 24 ಗಂಟೆಯೊಳಗೆ ಡ್ರಿಲ್ ಮಾಡಿದರೆ ಸಾಕು ಅನ್ನೋದು ಆಗಿನ ನಿಯಮ. ಹಾಗಾಗಿ ಅವತ್ತು ಹತ್ತಿದವರಿಗೆ ಡ್ರಿಲ್ ಆಗಿರಲೇ ಇಲ್ಲ. ಮೂರು ಗಂಟೆಯೊಳಗೆ ಹಡಗು ಬಂಡೆಗೆ ಬಡಿಯಿತು. 32 ಜನ ಸತ್ತರು.

2015ರಿಂದ ಹೊರಡುವ ಮೊದಲೇ, ಇಲ್ಲವೇ ಹೊರಟ ಕೂಡಲೇ ಡ್ರಿಲ್ ಕಡ್ಡಾಯ. ಎಲ್ಲಿ ಸೇರಬೇಕು ಅನ್ನೋದು ಸಾಮಾನ್ಯವಾಗಿ ಆ ಕಾರ್ಡಿನಲ್ಲೇ ಇರುತ್ತೆ. ಬುಫೆಗೆ ನುಗ್ಗೋ ಮೊದಲು ಓದ್ಕೊಳ್ಳಿ.